ಅರ್ಧ ಈಜು ಕಲಿತ ರಾಜಕುಮಾರ

ಬಹಳ ಹಿಂದಿನ ಮಾತು. ಏಳು ಬೆಟ್ಟಗಳಾಚೆ ಹೇಮಾವಳಿ ಎಂಬ ರಾಜ್ಯದಲ್ಲಿ ಜಯತುಂಗನೆಂಬ ರಾಜಕುಮಾರನಿದ್ದ. ಅವನ ಅಕ್ಕ ಕುಮುದಿನಿಯನ್ನು ಭಸ್ಮಕೇಶನೆಂಬ ಮಾಂತ್ರಿಕ ಹೊತ್ತೊಯ್ದು, ಗೊರವಂಕ ಹಕ್ಕಿಯಾಗಿ ಮಾಡಿ ಪಂಜರದಲ್ಲಿಟ್ಟಿದ್ದ. ಅಕ್ಕನನ್ನು ಬಿಡಿಸಿ ತರುತ್ತೇನೆಂದು ಜಯತುಂಗ ಅಂದೇ ಶಪಥ ಮಾಡಿದ. ತಯಾರಿಯನ್ನೂ ಅಂದೇ ಆರಂಭಿಸಿದ. ಏಳು ವರ್ಷ ನಾಲ್ಕು ತಿಂಗಳು ಕಳೆದವು.

ಕತ್ತಿವರಸೆ ಕಲಿತ, ಎಡಗೈ ವರಸೆ ಬಾಕಿ ಉಳಿಯಿತು. ಈಜು ಕಲಿತ, ಅರ್ಧ. ಕಾಡುಮೃಗಗಳನ್ನು ಒಲಿಸಲು ಬೇಕಾದೀತೆಂದು ಸಂಗೀತಕ್ಕೆ ಕೂತ, ಸರಳೆ ವರಸೆಯ ಮೊದಲ ಪಾಠವಷ್ಟೇ ಆಗಿತ್ತು.

ಒಂದು ಬೆಳಿಗ್ಗೆ ಹಕ್ಕಿ ಹಿಡಿಯುವವನೊಬ್ಬ ಅರಮನೆಗೆ ಬಂದ. "ಬುದ್ಧೀ, ಮೊನ್ನೆ ನಿಮ್ಮಕ್ಕನನ್ನು ಕಂಡೆ. ದಿನಕ್ಕೊಂದು ಮಾತು ಮರೀತಿದ್ದಾರೆ. ಐದೇ ಉಳಿದಿದ್ದವು. ತಮ್ಮ, ಎಲ್ಲಿದ್ದೀಯ, ಬೇಗ, ಬಾ, ದಡ್ಡ. ಅವೂ ಮುಗಿದರೆ ಕೊನೇವರೆಗೂ ಹಕ್ಕಿಯೇ."

ಜಯತುಂಗ ಬೆರಳು ಮಡಿಸಿದ. ಇವತ್ತಿಗೆ ಮೂರು ಮಾತು. ದಾರಿ ಎರಡು ದಿನದ್ದು.

"ಎಡಗೈ ವರಸೆ ಒಂದು ಮುಗಿದಿದ್ದರೆ..." ಎಂದ.

ಅಕ್ಕತಮ್ಮಂದಿರಿಬ್ಬರನ್ನೂ ಎತ್ತಿ ಆಡಿಸಿದ್ದ ದಾದಿ ನಂಜವ್ವ ಅಲ್ಲೇ ಇದ್ದಳು. "ಹುಚ್ಚು ಬಿಡೋವರೆಗೂ ಮದುವೆ ಆಗೋಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡೋಲ್ಲ. ಏಳು ಮೇಲೆ."

"ಹೆದರಿಕೆ ಆಗ್ತಿದೆ ನಂಜವ್ವ."

"ಅದನ್ನೂ ಕರಕೊಂಡು ಹೋಗು ಕಂದಾ. ದಾರಿಯಲ್ಲಿ ಮಾತಿಗಾಗುತ್ತೆ."

ಜಯತುಂಗ ನಿಂತ ಕಾಲಲ್ಲೇ ಹೊರಟ.

ಮೊದಲು ಹೊಳೆ ಎದುರಾಯಿತು. ಹೊಳೆಯಲ್ಲಿ ಮಾತಾಡುವ ಮೊಸಳೆ.

"ಈಜು ಬರುತ್ತೇನಯ್ಯ?"

"ಅರ್ಧ ಬರುತ್ತೆ."

"ಹೊಳೆ ಪೂರ್ತಿ ಇದೆಯಲ್ಲ?"

"ಅರ್ಧ ದಾಟಿದ ಮೇಲೆ ನೋಡಿಕೊಳ್ತೇನೆ," ಎಂದು ಧುಮುಕಿದ. ನಡುಹೊಳೆಯವರೆಗೆ ಈಜಿದ. ಆಮೇಲೆ ಕೈಕಾಲು ಬಡಿದ ರೀತಿ ಕಂಡು ಮೊಸಳೆಗೆ ನಗು ತಡೆಯಲಿಲ್ಲ. ಬಾಯಿಬಿಟ್ಟು ನಕ್ಕು, ನೀರು ನೆತ್ತಿಗೇರಿ ಕೆಮ್ಮತೊಡಗಿತು. ಕೆಮ್ಮು ನಿಲ್ಲುವ ಹೊತ್ತಿಗೆ ಅವನು ಆಚೆ ದಡದ ಕೆಸರಿನಲ್ಲಿ ಬಿದ್ದಿದ್ದ.

ಮರುದಿನ ಮಾಂತ್ರಿಕನ ಕೋಟೆಯ ಬಾಗಿಲಲ್ಲಿ ಜೀವವಿರುವ ಕಲ್ಲುಹುಲಿ. "ಹಾಡು. ಮೆಚ್ಚಿದರೆ ಬಾಗಿಲು, ಮೆಚ್ಚದಿದ್ದರೆ ಬಾಯಿ ತೆರೀತೇನೆ."

ಜಯತುಂಗ ಸರಿಗಮ ಹಾಡಿದ.

"ಮುಂದೆ?"

"ಮುಂದೆ ಕಲಿತಿಲ್ಲ. ಇದನ್ನೇ ಮತ್ತೆ ಹಾಡ್ತೇನೆ."

ಸಂಜೆಯಿಂದ ಬೆಳಗಿನವರೆಗೆ ಅದನ್ನೇ ಹಾಡಿದ. ಹುಲಿ ಎರಡೂ ಪಂಜಗಳಿಂದ ಕಿವಿ ಮುಚ್ಚಿಕೊಂಡಿತು. "ಮೆಚ್ಚಿದೆ ಮಾರಾಯ, ಒಳಗೆ ಹೋಗು."

ಒಳಗೆ ಸಾಲಾಗಿ ಕಲ್ಲಾಗಿ ನಿಂತ ರಾಜರು. ಅವರಾಚೆ ಪಂಜರ. ಹಕ್ಕಿ ಅವನನ್ನು ನೋಡಿ ತನ್ನಲ್ಲಿ ಉಳಿದಿದ್ದ ಒಂದೇ ಮಾತನ್ನು ಆಡಿತು: "ದಡ್ಡ."

ಮಾಂತ್ರಿಕನನ್ನು ಎದುರಿಸುವ ಬಗ್ಗೆ ಜಯತುಂಗ ಅರ್ಧ ಪಾಠವನ್ನೂ ಕಲಿತಿರಲಿಲ್ಲ. ಅಷ್ಟರಲ್ಲಿ ಬಚ್ಚಲಿನಿಂದ ಭಸ್ಮಕೇಶನೇ ಹೊರಬಂದ. ನೆತ್ತಿಯಿಂದ ಪಾದದವರೆಗೆ ಹರಳೆಣ್ಣೆ ಸುರಿಯುತ್ತಿತ್ತು.

"ಓಲೆ ಕಳಿಸದೆ ಬರ್ತಾರೇನಯ್ಯ? ಈ ರಾಜರೆಲ್ಲ ಎಂಟು ದಿನ ಮುಂಚೆ ತಿಳಿಸಿ ಬಂದವರು. ನಾನು ಮಿಂದು ಮಡಿಯುಟ್ಟು ಎಲ್ಲರನ್ನೂ ಕಲ್ಲು ಮಾಡಿದೆ. ಅದು ಪದ್ಧತಿ."

"ಮಡಿಯಿಲ್ಲದೆ ಮಂತ್ರ ಹತ್ತೋದಿಲ್ಲವೇ?"

"ನಮ್ಮ ಮನೆತನದಲ್ಲಿ ಇಲ್ಲ," ಎಂದ ಮಾಂತ್ರಿಕ ಹೆಮ್ಮೆಯಿಂದ. "ಒಂದು ಗಳಿಗೆ ಕೂತಿರು. ನಾನಿನ್ನೂ ತಯಾರಾಗಿಲ್ಲ."

"ನಾನೂ ಆಗಿಲ್ಲ," ಎಂದ ಜಯತುಂಗ.

ಮಾಂತ್ರಿಕ ಮಿಂದು ಬಂದ. ಜಯತುಂಗ ಕೆಸರು ಮೆತ್ತಿದ ಕೈಯಿಂದ ಅವನನ್ನು ಮುಟ್ಟಿದ. ಮಡಿ ಕೆಟ್ಟಿತು. ಬೈದುಕೊಂಡು ಹೋಗಿ ಮತ್ತೆ ಮಿಂದು ಬಂದ. ಜಯತುಂಗ ಮತ್ತೆ ಮುಟ್ಟಿದ. ಮೂರನೆಯ ಸಲಕ್ಕೆ ಹಂಡೆಯ ಬಿಸಿನೀರು ಮುಗಿಯಿತು. ಆಮೇಲೆ ಬಾವಿಯ ತಣ್ಣೀರು. ಏಳನೆಯ ಸ್ನಾನಕ್ಕೆ ಭಸ್ಮಕೇಶನ ಹಲ್ಲು ಕಟಕಟ ಅನ್ನತೊಡಗಿತು.

"ನಿನಗೇನಪ್ಪಾ ಬೇಕು?"

"ನಮ್ಮಕ್ಕ. ಈ ರಾಜರೂ."

"ಬಿಡಿಸುವ ಮಂತ್ರ ಹೇಳ್ತೇನೆ. ಮುಟ್ಟಬೇಡ, ಅಷ್ಟೆ."

ಮಾಂತ್ರಿಕ ನಡುಗುತ್ತ ತಾಳೆಗರಿ ಓದಿದ. ಓದಿ ಮುಗಿಯುವವರೆಗೂ ಜಯತುಂಗನ ಬೆರಳು ಅವನ ಭುಜದಿಂದ ಒಂದಂಗುಲ ದೂರದಲ್ಲೇ ಇತ್ತು. ಕಲ್ಲಾದ ರಾಜರು ಆಕಳಿಸಿ ಎದ್ದರು. ಪಂಜರ ಮುರಿದು ಕುಮುದಿನಿ ಹೊರಬಂದಳು. ಜಯತುಂಗ ತಕ್ಷಣ ಮಾಂತ್ರಿಕನನ್ನು ಮುಟ್ಟಿ, ತಾಳೆಗರಿಯ ಕಟ್ಟನ್ನು ಬಚ್ಚಲೊಲೆಗೆ ಹಾಕಿದ. ನೋಡಿ ಓದದೆ ಭಸ್ಮಕೇಶನಿಗೆ ಒಂದು ಮಂತ್ರವೂ ಬರುತ್ತಿರಲಿಲ್ಲ.

"ಏಳು ವರ್ಷ ಏನು ಮಾಡ್ತಿದ್ದೆಯೋ?" ಎಂದಳು ಅಕ್ಕ.

"ತಯಾರಿ, ಅಕ್ಕ."

"ಮುಗೀತಾ?"

"ಇನ್ನೂ ಇಲ್ಲ."

ಅಕ್ಕ ಅವನ ಕಿವಿ ಹಿಂಡಿದಳು. ಹಿಂಡಿದ ಕಿವಿಯನ್ನು ಬಿಡದೆ ಅತ್ತಳು.

ಮಾಂತ್ರಿಕ ಹೇಮಾವಳಿಯ ಅರಮನೆಯಲ್ಲಿ ನೀರು ಕಾಯಿಸುವ ಕೆಲಸಕ್ಕೆ ನಿಂತ, ಕೆಲಸದಲ್ಲಿ ಅಚ್ಚುಕಟ್ಟು. ಮಿಕ್ಕವರೆಲ್ಲ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ, ನೂರು ಕಾಲ ಸುಖವಾಗಿ ಬಾಳಿದರು.