ಉತ್ತರದ ಕಾವಲು

ಹಗ್ಗ ಕಂಡು ಹಾವೆಂದು ಕೂಗುವ ಪೈಕಿ ನಾನಲ್ಲ. ಹಾಗಾಗಿ ಇದನ್ನು ಧಾರಾಳವಾಗಿ ನಂಬಬಹುದು.

ಡಾಕ್ಟರು ತೀರಿಕೊಂಡ ಮೇಲೆ ಬಾಗಿಲು ಮುಚ್ಚಿದ್ದ ಹಲ್ಲಿನ ಕ್ಲಿನಿಕ್ಕಿನಿಂದ ಮಾವ ಒಂದು ಹಳೆಯ ಕಂಪ್ಯೂಟರ್ ತಂದಿದ್ದರು. ಅದರಲ್ಲಿ ಕೋಟೆ ಕಟ್ಟಿ ಯುದ್ಧ ಮಾಡುವ ಆಟವೊಂದಿತ್ತು. ಮೊದಲ ದಿನವೇ ನನಗೆ ಅದರ ಹುಚ್ಚು ಹಿಡಿಯಿತು.

ಒಂದು ಮಧ್ಯಾಹ್ನ ಆಟ ನಿಲ್ಲಿಸಿ, ಊಟ ಮುಗಿಸಿ ಬಂದಾಗ ಕೋಟೆಯ ಉತ್ತರಕ್ಕೆ ನಾನು ಕಟ್ಟದ ಕಾವಲುಗೋಪುರವೊಂದು ನಿಂತಿತ್ತು. ಮೌಸ್ ಮಂಜುಗಡ್ಡೆಯಂತೆ ತಣ್ಣಗಿತ್ತು. ಕೋಣೆಯಲ್ಲಿ ಲವಂಗದ ಎಣ್ಣೆಯ ವಾಸನೆ.

"ಅಕ್ಕಾ, ನನ್ನ ಆಟ ಮುಟ್ಟಿದ್ಯಾ?"

"ನಂಗೆ ಅದರ ತಲೆಬುಡ ಗೊತ್ತಿಲ್ಲ. ನಿನ್ನ ಜೊತೆನೇ ಊಟಕ್ಕೆ ಕೂತಿದ್ನಲ್ಲೋ!"

ಸಿಟ್ಟಿನಿಂದ ಗೋಪುರ ಕೆಡವಿದೆ. ನೀರು ಕುಡಿದು ಬರುವಷ್ಟರಲ್ಲಿ ಅದು ಮತ್ತೆ ಎದ್ದಿತ್ತು. ನೋಡಿಯೇ ಬಿಡೋಣ ಎಂದು ಆಟ ಮುಂದುವರಿಸಿದೆ. ಶತ್ರುಸೇನೆ ಉತ್ತರದಿಂದಲೇ ನುಗ್ಗಿತು. ಆ ಒಂಟಿ ಗೋಪುರ ಅಷ್ಟನ್ನೂ ತಡೆಯಿತು. ಅದು ನನ್ನ ಮೊದಲ ಗೆಲುವು.

ಆ ಕಂಪ್ಯೂಟರ್ ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು. ಈಗ ಅದೇ ಆಟವನ್ನು ಹೊಸ ಲ್ಯಾಪ್‌ಟಾಪಿನಲ್ಲಿ ಆಡುತ್ತೇನೆ. ಮೂರು ದಿಕ್ಕಿಗೆ ಗೋಡೆ ಕಟ್ಟಿ, ಉತ್ತರವನ್ನು ತೆರೆದಿಟ್ಟು, ನಿಶ್ಚಿಂತೆಯಿಂದ ಊಟಕ್ಕೆ ಏಳುತ್ತೇನೆ. ಆ ಕಡೆಯಿಂದ ಇವತ್ತಿನವರೆಗೆ ಒಬ್ಬ ಶತ್ರುವೂ ಒಳಗೆ ಬಂದಿಲ್ಲ.