ಪಕ್ಕದ ಸೀಟು ಯಾರಿಗೆ?

"ಯಾರಾದ್ರೂ ಇದ್ದೀರಾ...? ಬಾಗಿಲು ತೆಗೀರಿ!"

ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ಲಿಫ್ಟ್ ನಿಂತು ಇಪ್ಪತ್ತು ನಿಮಿಷವಾಗಿತ್ತು. ಒಳಗೆ ಅವಳೊಬ್ಬಳೇ. ಇನ್ನು ಕಿರುಚಲು ಕೂಡ ಶಕ್ತಿ ಉಳಿದಿರಲಿಲ್ಲ.

ಅಷ್ಟರಲ್ಲಿ ತಲೆಯ ಮೇಲೆ ಕಬ್ಬಿಣ ಉಜ್ಜಿದ ಸದ್ದಾಯಿತು. ಬಾಗಿಲು ನಾಲ್ಕು ಬೆರಳಗಲ ತೆರೆದುಕೊಂಡಿತು. ಸಂದಿಯಲ್ಲಿ ಟಾರ್ಚಿನ ಬೆಳಕು, ಅದರ ಹಿಂದೆ ಎರಡು ಕಣ್ಣು.

"ಮೇಡಂ, ನಾನು ಲಿಫ್ಟ್ ಮೆಕ್ಯಾನಿಕ್. ಬಾಗಿಲು ತಳ್ಳಬೇಡಿ. ಹತ್ತು ನಿಮಿಷ ಕೊಡಿ."

"ಹತ್ತು ನಿಮಿಷಾನಾ! ಅಷ್ಟರಲ್ಲಿ ಇದು ಕೆಳಗೆ ಬಿದ್ರೆ?"

"ಬೀಳಲ್ಲ. ಆರು ಹಗ್ಗ ಇದೆ. ನಿಮ್ಮನ್ನ ಹಿಡಿಯೋಕೆ ಒಂದೇ ಸಾಕು."

"ನನ್ನ ತೂಕ ಎಷ್ಟು ಅಂತ ನಿಮಗೇನು ಗೊತ್ತು?" ಆ ಭಯದಲ್ಲೂ ಅವಳಿಗೆ ರೇಗಿತು.

ಅವನು ನಕ್ಕುಬಿಟ್ಟ. "ಕೋಪ ಬಂತಲ್ಲ, ಒಳ್ಳೇದಾಯ್ತು. ಹೀಗೇ ಮಾತಾಡ್ತಾ ಇರಿ. ಏನು ಕೆಲಸ ನಿಮ್ಮದು?"

"ನಾಲ್ಕನೇ ಮಹಡಿ ಟ್ರಾವೆಲ್ ಆಫೀಸು. ಜನರ ರಜೆಗೆ ಪ್ಲಾನ್ ಮಾಡಿಕೊಡ್ತೀನಿ."

ಅವನು ಸ್ಪ್ಯಾನರ್ ತಿರುಗಿಸುತ್ತಲೇ ಹೇಳಿದ.

"ಹಾಗಾದ್ರೆ ನನಗೂ ಒಂದು ಮಾಡಿ. ಕೆರಿಬಿಯನ್ ಸಮುದ್ರದಲ್ಲಿ ಒಂದು ದ್ವೀಪ ಇದೆಯಂತಲ್ಲ... ಎಣ್ಣೆ ಪೀಪಾಯಿ ಬಡಿದು ಡ್ರಮ್ ಮಾಡಿ, ಬೀದಿಬೀದೀಲಿ ಬಾರಿಸ್ತಾರಂತೆ. ಅಲ್ಲಿಗೆ."

ಕೆಲಸದ ಮಾತು ಬಂದದ್ದೇ ತಡ, ಅವಳ ದನಿ ತಾನಾಗಿ ಗಟ್ಟಿಯಾಯಿತು. "ಯಾವ ತಿಂಗಳು? ಜೂನ್‌ನಿಂದ ನವೆಂಬರ್‌ವರೆಗೆ ಅಲ್ಲಿ ಚಂಡಮಾರುತದ ಕಾಲ. ಮಾರ್ಚ್ ಒಳ್ಳೇದು."

"ಮಾರ್ಚೇ ಇರಲಿ."

"ಎಷ್ಟು ಜನ?"

"ಇಬ್ಬರು."

ಲಿಫ್ಟ್ ಒಮ್ಮೆ ನಡುಗಿ ಮೆಲ್ಲಗೆ ಮೇಲೇರಿತು. ಬಾಗಿಲು ಪೂರ್ತಿ ತೆರೆಯಿತು. ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡಿದ್ದ ಅವನು ಕೈ ಚಾಚಲು ಹೋಗಿ, ಗ್ರೀಸ್ ನೋಡಿಕೊಂಡು ಹಿಂದಕ್ಕೆಳೆದುಕೊಂಡ. ಅವಳು ಯೋಚಿಸದೆ ಆ ಕೈಯನ್ನೇ ಹಿಡಿದು ಹೊರಗೆ ಬಂದಳು.

ಅಂಗೈಯ ಕಪ್ಪು ಎರಡು ದಿನ ಹೋಗಲಿಲ್ಲ. ನಿಜ ಹೇಳಬೇಕೆಂದರೆ ಅವಳು ಅಷ್ಟೇನೂ ತಿಕ್ಕಿ ತೊಳೆಯಲೂ ಇಲ್ಲ.

*

ಆ ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಪ್ಲಾನ್ ಮೇಡಂ ಎಂದು. ಮೂವತ್ತನಾಲ್ಕು ವರ್ಷ. ನೂರಾರು ಜನರನ್ನು ಸಮುದ್ರ ದಾಟಿಸಿದ್ದಾಳೆ, ತಾನು ಮಾತ್ರ ಕಿಟಕಿ ಪಕ್ಕದ ಮೂರನೇ ಮೇಜು ಬಿಟ್ಟು ಕದಲಿಲ್ಲ. ಗಿರಾಕಿ ಕೇಳುವ ಅನುಕೂಲಗಳನ್ನು ನೋಡಿಯೇ ಅವರ ಮನೆಯ ಕಥೆ ಹೇಳಿಬಿಡುತ್ತಾಳೆ ಎಂದು ಆಫೀಸಿನಲ್ಲಿ ಅವಳಿಗೆ ದೊಡ್ಡ ಹೆಸರಿತ್ತು. ಜೋಡಿಯೊಂದು ದೂರದೂರದ ಸೀಟು ಕೇಳಿದರೆ ಜಗಳ, ಮೂರು ಸಲ ಹೋಟೆಲ್ ಬದಲಿಸಿದರೆ ಜೊತೆಗೆ ಭಾವಮೈದುನ ಬರುತ್ತಿದ್ದಾನೆ ಎಂದರ್ಥ. ಹೆಚ್ಚಾಗಿ ಅವಳು ಹೇಳಿದ್ದೇ ಸರಿಯಾಗುತ್ತಿತ್ತು, ಹಾಗಾಗಿ ಜಂಬವೂ ಸ್ವಲ್ಪ ಇತ್ತು.

ಮಾರನೆಯ ದಿನ ಮಧ್ಯಾಹ್ನ ಮೆಕ್ಯಾನಿಕ್ ಬಂದ. ನಾಲ್ಕು ಮಹಡಿ ಮೆಟ್ಟಿಲು ಹತ್ತಿ ಬಂದಿದ್ದ.

"ಲಿಫ್ಟ್ ರಿಪೇರಿ ಮಾಡೋರೇ ಮೆಟ್ಟಿಲು ಹತ್ತಿ ಬಂದ್ರೆ ನಮ್ಮ ಗತಿ ಏನ್ರೀ?"

"ಊಟದ ಹೊತ್ತಲ್ಲೂ ಅದರ ಮುಖ ನೋಡಬೇಕಾ ಮೇಡಂ?"

ಅವಳಿಗೆ ನಗು ತಡೆಯಲಾಗಲಿಲ್ಲ. ಅಂದಿನಿಂದ ವಾರಕ್ಕೆ ಮೂರು ದಿನವಾದರೂ ಅವನು ಬರುತ್ತಿದ್ದ. ಭೂಪಟ ಹರಡಿ ಇಬ್ಬರೂ ಬಗ್ಗಿ ಕೂರುತ್ತಿದ್ದರು. ಎರಡು ಕಡೆ ವಿಮಾನ ಬದಲಿಸಬೇಕು, ವೀಸಾಕ್ಕೆ ತಿಂಗಳು ಬೇಕು, ವಾದ್ಯಗಾರರು ಸಂಜೆ ಅಭ್ಯಾಸ ಮಾಡುವ ಅಂಗಳಗಳಿಗೆ ಯಾರು ಬೇಕಾದರೂ ಹೋಗಿ ಕೂರಬಹುದು... ಅವಳು ಹೇಳುತ್ತಿದ್ದರೆ ಅವನು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದ.

"ಗದ್ದಲವಿಲ್ಲದ ಕಡೆ ಹೋಟೆಲ್ ನೋಡಿದ್ದೀನಿ."

"ಅಯ್ಯೋ ಬೇಡ! ಗದ್ದಲ ಇರೋ ಕಡೆನೇ ಬೇಕು. ಕಿಟಕಿ ತೆಗೆದ್ರೆ ಡ್ರಮ್ ಕೇಳಬೇಕು."

"ಇನ್ನೊಬ್ಬರ ಹೆಸರು?"

"ಪಾಸ್‌ಪೋರ್ಟ್ ಹೊಸದು ಮಾಡಿಸೋಕೆ ಕೊಟ್ಟಿದ್ದೀನಿ. ಬಂದ ಮೇಲೆ ಕೊಡ್ತೀನಿ. ಒಂದು ವಿಷಯ ಮೇಡಂ, ದಯವಿಟ್ಟು ಮನೆಗೆ ಮಾತ್ರ ಫೋನ್ ಮಾಡಬೇಡಿ. ಅವರಿಗೆ ಇನ್ನೂ ಏನೂ ಗೊತ್ತಿಲ್ಲ. ನಾನೇ ಹೇಳಬೇಕು ಅಂತ ಆಸೆ."

ಹೆಂಡತಿಗೆ... ಎಂದುಕೊಂಡಳು. ಅವತ್ತು ಅದು ಅವಳಿಗೆ ಅಷ್ಟೇನೂ ನೋಯಲಿಲ್ಲ.

ನೋಯಲು ಶುರುವಾದದ್ದು ಎರಡನೇ ವಾರ. ಅಂದು ಮೆಟ್ಟಿಲಲ್ಲಿ ಎದುರಾದ ಅವನು, "ನೀವ್ಯಾಕೆ ದಿನಾ ಹತ್ತಿ ಇಳೀತೀರಿ?" ಎಂದು ಕೇಳಿದ.

"ಭಯ."

"ಬನ್ನಿ ನನ್ನ ಜೊತೆ."

ಲಿಫ್ಟಿನಲ್ಲಿ ಅವನು ಅವಳ ಪಕ್ಕದಲ್ಲಿ ನಿಂತು, ಒಂದೊಂದು ಸದ್ದಿಗೂ ಅರ್ಥ ಹೇಳಿದ. "ಈ ಟಕ್ ಅನ್ನೋದು ಬ್ರೇಕ್ ಬಿಟ್ಟಿದ್ದು. ಈ ಗುಂಯ್ ಮೋಟಾರು. ಈಗ ಒಂದು ಸಣ್ಣ ಜರ್ಕ್ ಬರುತ್ತೆ ನೋಡಿ... ಬಂತಾ? ಅದು ಮಹಡಿಗೆ ಸರಿಯಾಗಿ ನಿಲ್ಲೋಕೆ. ಗೊತ್ತಿರೋ ಸದ್ದಿಗೆ ಯಾರೂ ಹೆದರಲ್ಲ ಮೇಡಂ."

ಅವಳು ಹೆದರಲಿಲ್ಲ. ನಾಲ್ಕನೇ ಮಹಡಿ ಬಂದಾಗ, ಇಷ್ಟು ಬೇಗ ಯಾಕೆ ಬಂತು ಎನಿಸಿತು. 'ಇದೇನಾಯ್ತು ನನಗೆ! ಮದುವೆಯಾದವನು. ಅವನ ರಜೆಗೆ ಪ್ಲಾನ್ ಮಾಡೋದಷ್ಟೇ ನನ್ನ ಕೆಲಸ.'

ಹಾಗೆಂದುಕೊಂಡವಳೇ ಮರುದಿನ ಕನ್ನಡಿಯ ಮುಂದೆ ಹತ್ತು ನಿಮಿಷ ಹೆಚ್ಚಿಗೆ ನಿಂತಳು.

*

ಮೂರನೇ ವಾರ ಅವನು ಒಂದು ಚೀಟಿ ತಂದ. ಜೊತೆಗೆ ಬರುವವರಿಗೆ ಏನೇನು ಬೇಕು ಎಂಬ ಪಟ್ಟಿ.

"ಮೆಟ್ಟಿಲು ಜಾಸ್ತಿ ಇರಬಾರದು. ಶೌಚಾಲಯದ ಹತ್ತಿರ ಸೀಟು. ತುಂಬಾ ಹೊತ್ತು ಕೂತ್ರೆ ಕಾಲು ಊದುತ್ತೆ, ಮಧ್ಯೆ ಮಧ್ಯೆ ನಡೀಬೇಕು. ಮಧ್ಯಾಹ್ನ ಎರಡು ಗಂಟೆ ಮಲಗ್ಲೇಬೇಕು. ಡ್ರಮ್ ಬಾರಿಸೋ ಕಡೆ ಬೆನ್ನಿಗೆ ಆನಿಸಿಕೊಳ್ಳೋಕೆ ಕುರ್ಚಿ. ಊಟ ಸ್ವಲ್ಪಸ್ವಲ್ಪ, ನಾಲ್ಕೈದು ಸಲ. ಮತ್ತೆ... ಅಲ್ಲಿ ನಿಂಬೆಹಣ್ಣು ಸಿಗುತ್ತಾ? ಈಗೀಗ ಬರೀ ಹುಳೀನೇ ಕೇಳ್ತಾರೆ."

ಪ್ಲಾನ್ ಮೇಡಂ ಪೆನ್ನು ಕೆಳಗಿಟ್ಟಳು.

ಕಾಲು ಊದುವುದು. ಹುಳಿಯ ಆಸೆ. ಇಷ್ಟು ಸಾಲದೇ? ಬಸುರಿ! ಮಾರ್ಚ್ ಹೊತ್ತಿಗೆ ಏಳು ತಿಂಗಳು ತುಂಬಿದರೂ ತುಂಬಿತು.

"ಸಿಗುತ್ತೆ," ಎಂದಳು. ದನಿ ಯಾರದೋ ಎನಿಸಿತು. "ಎಷ್ಟು ಚೆನ್ನಾಗಿ ನೋಡ್ಕೊಳ್ತೀರಿ ಅವರನ್ನ."

"ಅವರನ್ನ ಬಿಟ್ರೆ ನನಗೆ ಯಾರಿದ್ದಾರೆ?"

ಅವನು ಹೋದ ಮೇಲೆ ಅವಳು ತುಂಬ ಹೊತ್ತು ಕಂಪ್ಯೂಟರ್ ಪರದೆ ನೋಡುತ್ತಾ ಕೂತಳು. ಕಣ್ಣು ತುಂಬಿಕೊಂಡವು. ಯಾರ ಮೇಲೆ ಕೋಪ ಎಂದೇ ತಿಳಿಯಲಿಲ್ಲ. ಅವನು ಸುಳ್ಳು ಹೇಳಿರಲಿಲ್ಲ, ಆಸೆ ಹುಟ್ಟಿಸುವ ಒಂದು ಮಾತನ್ನೂ ಆಡಿರಲಿಲ್ಲ. ತಪ್ಪೆಲ್ಲ ತನ್ನದೇ!

ಇನ್ನು ಅವನ ಮುಖ ನೋಡಬಾರದು ಎಂದು ತೀರ್ಮಾನಿಸಿದಳು. ಏಳನೇ ತಿಂಗಳು ದಾಟಿದವರು ವಿಮಾನ ಹತ್ತಲು ವೈದ್ಯರ ಪತ್ರ ಬೇಕು. ಗರ್ಭಿಣಿ ಪ್ರಯಾಣಿಕರ ಆ ಅರ್ಜಿಯನ್ನು ತೆಗೆದು, ಜೊತೆಗೊಂದು ಕಾಗದ ಟೈಪ್ ಮಾಡಿ, ಲಕೋಟೆಗೆ ಹಾಕಿ ಅವನ ಮನೆಯ ವಿಳಾಸಕ್ಕೆ ಕಳಿಸಿಬಿಟ್ಟಳು. ಫೈಲನ್ನು ಪಕ್ಕದ ಮೇಜಿನವನಿಗೆ ದಾಟಿಸಿದಳು. ಮನೆಗೆ ಫೋನ್ ಮಾಡಬೇಡಿ ಎಂದಿದ್ದ. ಕಾಗದ ಕಳಿಸಬೇಡಿ ಎಂದಿರಲಿಲ್ಲವಲ್ಲ! ಮನಸ್ಸು ಕೆಟ್ಟಾಗ ಮನುಷ್ಯರು ಇಂಥ ಲಾಯರಿಕೆಯನ್ನೂ ಮಾಡುತ್ತಾರೆ.

*

ಮೂರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಆಫೀಸಿನ ಬಾಗಿಲು ದಡಾರನೆ ತೆರೆಯಿತು.

ಒಳಗೆ ಬಂದವರು ಎಪ್ಪತ್ತು ದಾಟಿದ ಹೆಂಗಸು. ನೆಟ್ಟಗಿನ ಬೆನ್ನು, ದಪ್ಪ ಕನ್ನಡಕ, ಕೈಯಲ್ಲಿ ಲಕೋಟೆ.

"ಇಲ್ಲಿ ಪ್ಲಾನ್ ಮೇಡಂ ಅಂದ್ರೆ ಯಾರಮ್ಮ?"

"ನಾನೇ... ಹೇಳಿ."

"ನಾನು ಬಸುರಿ ಅಂತ ನಿನಗೆ ಯಾರು ಹೇಳಿದ್ದು?"

ಪಕ್ಕದ ಮೇಜಿನವನು ಕುಡಿಯುತ್ತಿದ್ದ ನೀರು ಮೂಗಿಗೆ ಹತ್ತಿ ಕೆಮ್ಮಿದ.

"ಆ ಮನೇಲಿ ಹೆಂಗಸು ಅಂದ್ರೆ ನಾನೊಬ್ಬಳೇ. ಎಷ್ಟನೇ ತಿಂಗಳು ಅಂತ ಡಾಕ್ಟರ್ ಹತ್ರ ಬರೆಸಿಕೊಂಡು ಬಾ ಅಂತಿದೆ ಇದರಲ್ಲಿ. ಹೋಗ್ಲಾ? ಆ ಡಾಕ್ಟರ್ ನನ್ನ ಹತ್ರ ಟೈಪಿಂಗ್ ಕಲಿತ ಹುಡುಗ, ಗಾಬರಿಯಾಗಿ ಬಿದ್ದುಹೋಗ್ತಾನೆ!"

ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ. "ನೀವು... ಅವರ..."

"ಅತ್ತೆ. ಅವನ ಹೆಂಡತಿ ನನ್ನ ಮಗಳು." ಹೆಂಗಸು ಕುರ್ಚಿ ಎಳೆದು ಕೂತರು. ದನಿ ಸ್ವಲ್ಪ ತಗ್ಗಿತು. "ಹೋಗಿ ಐದು ವರ್ಷ ಆಯ್ತು. ಜ್ವರ ಅಂತ ಆಸ್ಪತ್ರೆಗೆ ಹೋದವಳು ವಾಪಸ್ ಬರಲಿಲ್ಲ. ಎಲ್ಲ ಮುಗಿದ ಮೇಲೆ ನಾನು ಬ್ಯಾಗು ತುಂಬಿಕೊಂಡು ಹೊರಟೆ. ಅಳಿಯ ಬ್ಯಾಗು ಕಿತ್ತುಕೊಂಡು ಅಟ್ಟದ ಮೇಲೆ ಹಾಕಿದ. ಇನ್ನೂ ಅಲ್ಲೇ ಇದೆ."

ಅವಳು ನೀರಿನ ಲೋಟವನ್ನು ಅವರ ಕಡೆ ಸರಿಸಿದಳು.

"ಒಂದಿನ ರೇಡಿಯೋದಲ್ಲಿ ಆ ಡ್ರಮ್ ಬಂತು. ಪೀಪಾಯಿಯಿಂದ ಇಷ್ಟು ಚೆಂದದ ನಾದ ಬರುತ್ತಾ, ಕಣ್ಣಾರೆ ನೋಡಬೇಕಲ್ಲಪ್ಪ ಅಂದೆ. ಸುಮ್ಮನೆ ಅಂದಿದ್ದು. ಅವನು ಸುಮ್ಮನೆ ಬಿಡ್ಲಿಲ್ಲ ನೋಡು." ಅವರ ಬೆರಳುಗಳು ಮೇಜಿನ ಮೇಲೆ ತಾವಾಗಿ ತಾಳ ಹಾಕುತ್ತಿದ್ದವು.

"ಕ್ಷಮಿಸಿ ಅಮ್ಮ... ಅವರು ನಿಮಗೆ ತಾವೇ ಹೇಳಬೇಕು ಅಂತಿದ್ರು. ನಾನು ಎಲ್ಲಾ ಹಾಳು ಮಾಡಿಬಿಟ್ಟೆ."

"ಅದಿರಲಿ." ಅವರು ಅವಳು ಟೈಪ್ ಮಾಡಿದ ಕಾಗದವನ್ನು ಬಿಡಿಸಿ ಮುಂದಿಟ್ಟರು. "ಮೂವತ್ತೆರಡು ವರ್ಷ ಟೈಪಿಂಗ್ ಕಲಿಸಿದ್ದೀನಿ. ಎಂಟು ಸಾಲಿನಲ್ಲಿ ಆರು ತಪ್ಪು. ನಾಲ್ಕು ಕಡೆ ಪದಗಳ ಮಧ್ಯೆ ಎರಡೆರಡು ಸಲ ಜಾಗ ಬಿಟ್ಟಿದ್ದೀಯ. ಕೀಲಿ ಕಾಣದ ಹಾಗೆ ಕಣ್ಣಲ್ಲಿ ನೀರು ತುಂಬಿಕೊಂಡು ಟೈಪ್ ಮಾಡಿದೋರ ಹಾಳೆ ಹೀಗೇ ಇರುತ್ತೆ. ಯಾಕಮ್ಮ ಅಳ್ತಾ ಇದ್ದೆ?"

ಅವಳು ತಲೆ ತಗ್ಗಿಸಿದಳು.

"ಅವನೂ ಅಷ್ಟೇ. ಮೂರು ವಾರದಿಂದ ಊಟಕ್ಕೆ ಕೂತ್ರೆ ಲಿಫ್ಟಲ್ಲಿ ಸಿಕ್ಕಿಹಾಕಿಕೊಂಡ ಮೇಡಂ ಕಥೆ. ನಿನ್ನೆ, ಮೊನ್ನೆ ಬಾಯೇ ಬಿಟ್ಟಿಲ್ಲ. ಫೈಲು ಬೇರೆಯವರಿಗೆ ಕೊಡ್ತೀನಿ ಅಂತ ಇದರಲ್ಲೇ ಬರೆದಿದ್ದೀಯಲ್ಲ, ಅದಕ್ಕೇ ಇರಬೇಕು."

ಆಗಲೇ ಮೆಟ್ಟಿಲಲ್ಲಿ ದಡದಡ ಹೆಜ್ಜೆ ಸದ್ದು. ಮೆಕ್ಯಾನಿಕ್ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದ.

"ಅತ್ತೆ! ನೀವು ಇಲ್ಲಿ..." ಮೇಜಿನ ಮೇಲಿನ ಅರ್ಜಿ ನೋಡಿ ಅವನ ಮುಖ ಸಪ್ಪೆಯಾಯಿತು. "ಮೇಡಂ, ಒಂದೇ ಒಂದು ಮಾತು ಕೇಳಿಕೊಂಡಿದ್ದೆ ನಿಮ್ಮನ್ನ."

"ತಪ್ಪಾಯ್ತು."

"ಪಾಸ್‌ಪೋರ್ಟ್ ಬಂದ ದಿನ ಹೇಳಬೇಕು ಅಂತ ಎಷ್ಟು ದಿನದಿಂದ..."

"ತಪ್ಪಾಯ್ತು ಅಂದ್ನಲ್ರೀ!" ಅವಳು ಮೇಜಿನ ಮೇಲಿನ ಅರ್ಜಿಯನ್ನು ಮುದುರಿದಳು. "ನಿಮಗೆ ಹೆಂಡತಿ ಇದ್ದಾರೆ ಅಂದ್ಕೊಂಡೆ. ಇಲ್ಲಿ ಕೂತು ಅವರಿಗೆ ಕುರ್ಚಿ ಎಲ್ಲಿ, ನಿಂಬೆಹಣ್ಣು ಎಲ್ಲಿ ಅಂತ ಹುಡುಕೋಕೆ ನನ್ನಿಂದ ಆಗಲಿಲ್ಲ. ಹೊಟ್ಟೆ ಉರೀತು. ಅದಕ್ಕೇ ಕಳಿಸಿಬಿಟ್ಟೆ. ಸಾಕಾ?"

ಹೇಳಿಬಿಟ್ಟಿದ್ದಳು! ಇಡೀ ಆಫೀಸಿನ ಎದುರು!

ಪಕ್ಕದ ಮೇಜಿನವನಿಗೆ ಇದ್ದಕ್ಕಿದ್ದಂತೆ ಜೆರಾಕ್ಸ್ ಕೆಲಸ ನೆನಪಾಯಿತು. ಅತ್ತೆ ಎದ್ದು ಗೋಡೆಯ ಪೋಸ್ಟರುಗಳ ಕಡೆ ನಡೆದರು. ನೋಡುತ್ತಿದ್ದದ್ದು ಪೋಸ್ಟರು, ಕಿವಿ ಮಾತ್ರ ಇತ್ತಲೇ.

ಅವನು ಕುರ್ಚಿಯ ತುದಿಯಲ್ಲಿ ಕೂತ. ಕೋಪ ಇಳಿದಿತ್ತು. ಆದರೆ ಮುಖದಲ್ಲಿ ನಗುವೂ ಇರಲಿಲ್ಲ.

"ಮೇಡಂ, ನನಗೂ ನಿಮ್ಮ ಮೇಲೆ ಮನಸ್ಸಾಗಿದೆ. ಹೇಳೋಕೆ ಧೈರ್ಯ ಬರಲಿಲ್ಲ. ಮೂರು ಸಂಬಂಧ ಬಂದಿದ್ವು ನನಗೆ. ಮೂವರೂ ಕೇಳಿದ್ದು ಒಂದೇ ಮಾತು. ಮದುವೆ ಆದ ಮೇಲೆ ಅತ್ತೇನ ಎಲ್ಲಿ ಬಿಡ್ತೀರಿ ಅಂತ. ಎಲ್ಲೂ ಬಿಡಲ್ಲ ನಾನು. ನಿಮ್ಮ ಬಾಯಲ್ಲೂ ಆ ಮಾತು ಬಂದ್ರೆ... ತಡ್ಕೊಳ್ಳೋಕೆ ಆಗಲ್ಲ ಅನ್ನಿಸ್ತು. ಅದಕ್ಕೇ ಬರೀ ದ್ವೀಪದ ವಿಷಯಾನೇ ಮಾತಾಡ್ತಾ ಇದ್ದೆ."

ಪೋಸ್ಟರಿನ ಮುಂದೆ ನಿಂತಿದ್ದ ಬೆನ್ನು ಒಮ್ಮೆ ನಡುಗಿತು. ಇಲ್ಲಿ ತಪ್ಪಿದರೆ ಅವನು ಮತ್ತೆಂದೂ ಈ ಮೆಟ್ಟಿಲು ಹತ್ತುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ದೊಡ್ಡ ದೊಡ್ಡ ಮಾತುಗಳು ನಾಲಿಗೆ ತುದಿಗೆ ಬಂದವು. ಅವನ್ನೆಲ್ಲ ನುಂಗಿಕೊಂಡು, ನೇರವಾಗಿ ಪೋಸ್ಟರಿನ ಕಡೆ ತಿರುಗಿದಳು.

"ಅಮ್ಮ, ನಾನು ಬಂದ್ರೆ ನಿಮ್ಮ ಮನೇಲಿ ನನ್ನನ್ನ ಎಲ್ಲಿ ಇಟ್ಕೊಳ್ತೀರಿ?"

ಅತ್ತೆ ತಿರುಗಿ ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ನನ್ನ ರೂಮೊಂದು ಬಿಟ್ಟು ಎಲ್ಲಿ ಬೇಕಾದ್ರೂ ಇರಮ್ಮ," ಎಂದರು. "ರೇಡಿಯೋ ಮಾತ್ರ ಜೋರಾಗಿ ಹಾಕ್ತೀನಿ, ಈಗ್ಲೇ ಹೇಳಿರ್ತೀನಿ."

"ಹಾಕಿ. ಗೊತ್ತಿರೋ ಹಾಡಾದ್ರೆ ನಾನೂ ಹಾಡ್ತೀನಿ."

"ಹಾಗಾದ್ರೆ ದ್ವೀಪಕ್ಕೆ ನೀವಿಬ್ಬರೇ ಹೋಗಿಬನ್ನಿ, ನಾನ್ಯಾಕೆ..."

"ಆಗಲ್ಲಮ್ಮ. ಇದು ಅವರು ನಿಮಗೋಸ್ಕರ ಅಂತ ಮಾಡಿಸಿದ್ದು. ಅದರಲ್ಲಿ ನಾನು ಕೈ ಹಾಕಲ್ಲ." ಅವಳು ಪಕ್ಕದ ಮೇಜಿನಿಂದ ಫೈಲನ್ನು ವಾಪಸ್ ಎಳೆದುಕೊಂಡಳು. "ಎರಡನೇ ಸೀಟಿಗೆ ಹೆಸರು ಹೇಳಿ. ವಯಸ್ಸೂ ಸರಿಯಾಗಿ ಹೇಳಿಬಿಡಿ, ಇನ್ನೊಂದು ಸಲ ಎಡವಟ್ಟಾಗೋದು ಬೇಡ."

ಅತ್ತೆ ಗಟ್ಟಿಯಾಗಿ ನಕ್ಕರು, ವಯಸ್ಸು ಹೇಳಿದರು, ಆಮೇಲೆ ಕೆಳಗೆ ಕಾಯುತ್ತೇನೆಂದು ಹೊರಟರು. ಅವನು ಮಾತ್ರ ಕೂತಲ್ಲೇ ಕೂತಿದ್ದ. ಕಣ್ಣು ಕೆಂಪಾಗಿದ್ದವು.

"ಮೇಡಂ... ನಮ್ಮನೇಲಿ ಇರೋದೇ ಎರಡು ರೂಮು."

"ಒಂದು ಅಮ್ಮನದು."

"ಹೌದು."

"ಇನ್ನೊಂದು?"

"ನನ್ನದು."

"ನಮ್ಮದು ಅನ್ನೋಕೆ ಅಭ್ಯಾಸ ಮಾಡ್ಕೊಳ್ಳಿ," ಎಂದಳು, ಪರದೆಯಿಂದ ಕಣ್ಣು ತೆಗೆಯದೆ. ಕಿವಿಯ ತುದಿ ಕೆಂಪಾಗಿತ್ತು.

"ಅದಕ್ಕೆ ಎಷ್ಟು ದಿನ ಟೈಮ್ ಕೊಡ್ತೀರಿ?"

"ಹನ್ನೊಂದು. ಟ್ರಿಪ್ಪೇ ಅಷ್ಟು ದಿನದ್ದು. ಅವರನ್ನ ಕರ್ಕೊಂಡು ಹೋಗಿ, ಚೆನ್ನಾಗಿ ಡ್ರಮ್ ಕೇಳಿಸಿ, ಹನ್ನೆರಡನೇ ದಿನ ಇಬ್ಬರೂ ವಾಪಸ್ ಬರ್ತೀರಿ." ಅವಳು ಈಗ ತಲೆಯೆತ್ತಿ ಅವನನ್ನೇ ನೋಡಿದಳು. "ನಮ್ಮನೆ ಬಾಗಿಲು ನಾನು ತೆಗೀತೀನಿ."