ಬರಿ ಹೆಗಲಿನ ಮುಂದಾಳು

ಬಹಳ ಹಿಂದೆ, ಬೆಟ್ಟಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಮುಗಿಲೂರು ಎಂಬ ರಾಜ್ಯವಿತ್ತು. ಅಲ್ಲಿನ ರಾಜಕುಮಾರಿ ಚಂದಲೆಗೆ ಧೂಮಜಟನೆಂಬ ಮಾಂತ್ರಿಕ ಶಾಪ ಕೊಟ್ಟಿದ್ದ. ಯಾಕೆ ಅಂತ ಕೇಳಬೇಡಿ, ಮಾಂತ್ರಿಕರಿಗೆ ಕಾರಣವೇ ಬೇಕಾಗಿಲ್ಲ. ಹುಡುಗಿ ಪಾದದಿಂದ ಮೇಲಕ್ಕೆ ಕಲ್ಲಾಗುತ್ತಿದ್ದಳು. ಬಿಳಿಬೆಟ್ಟದ ಕೊಳದಲ್ಲಿ ಮಿಂದರೆ ಶಾಪ ಕಳೆಯುತ್ತಿತ್ತು. ಆದರೆ ದಾರಿಯಲ್ಲಿ ಅವಳ ಪಲ್ಲಕ್ಕಿ ನೆಲಕ್ಕೆ ತಾಗಿತೋ, ಆ ಕ್ಷಣವೇ ಅವಳು ಪೂರ್ತಿ ಕಲ್ಲು.

ಪಲ್ಲಕ್ಕಿ ಹೊರುವವರ ಮುಂದಾಳು ಚೌಡಜ್ಜನಿಗೆ ಮಂಡಿ ಹಿಡಿದುಕೊಂಡಿತ್ತು. "ಇವನ ಕಣ್ಣು ಚುರುಕು" ಎಂದು ಅವನು ತನ್ನ ಕೋಲನ್ನು ಗಿರಿಯನಿಗೆ ಕೊಟ್ಟ. ಗಿರಿಯ ಹೋದ ವರ್ಷ ಕೆಲಸಕ್ಕೆ ಸೇರಿದವನು, ಎಲ್ಲರಿಗಿಂತ ಕಿರಿಯ. ಮುಂದಾಳು ಪಲ್ಲಕ್ಕಿ ಹೊರುವಂತಿಲ್ಲ. ಬರಿ ಹೆಗಲಲ್ಲಿ ಮುಂದೆ ನಡೆದು "ಕಲ್ಲೈತೆ", "ಗುಂಡಿ ಐತೆ" ಎಂದು ಕೂಗಬೇಕು. ಹಿಂದಿನವರು ಆ ಕೂಗನ್ನು ನಂಬಿ ಕಾಲಿಡುತ್ತಾರೆ.

"ನಿನ್ನೆ ಮೊನ್ನೆ ಬಂದೋನು ನಮಗೆ ದಾರಿ ತೋರಿಸ್ತಾನಂತೆ!" ಎಂದು ಹೊರುವವರಲ್ಲಿ ಹಿರಿಯನಾದ ಹಾಲಪ್ಪ ಮೂತಿ ತಿರುಗಿಸಿದ.

ಮೊದಲು ಎದುರಾದದ್ದು ಉರುಳುಗಲ್ಲುಗಳ ಬಯಲು. ಹಿರಿಯರು ಬೆವರು ಸುರಿಸುತ್ತಿರುವಾಗ ತಾನು ಕೈಬೀಸಿಕೊಂಡು ನಡೆಯುವುದೇ? ಗಿರಿಯನಿಗೆ ನಾಚಿಕೆಯಾಯಿತು. ಓಡಿಬಂದು ಪಲ್ಲಕ್ಕಿಯ ದಂಡಿಗೆಗೆ ಹೆಗಲು ಕೊಟ್ಟ. ಈಗ ಕೂಗುವವರೇ ಇಲ್ಲ! ಕಲ್ಲೊಂದು ಉರುಳಿ ಬಂದು ಹಾಲಪ್ಪನ ಕಾಲಿಗೆ ಬಡಿಯಿತು. ಪಲ್ಲಕ್ಕಿ ವಾಲಿತು, ನೆಲಕ್ಕೆ ಗೇಣಷ್ಟೇ ಉಳಿಯಿತು. ಒಳಗಿಂದ ಚಂದಲೆ ಚೀರಿದಳು.

"ನಿನ್ನ ಹೆಗಲು ಯಾರಿಗೆ ಬೇಕೋ? ಮುಂದೆ ನೋಡು ಹೋಗು!" ಎಂದು ಹಾಲಪ್ಪ ಗದರಿದ.

ಎರಡನೆಯದು ಹಾವುಗಳೇ ಹೆಣೆದುಕೊಂಡು ಆಗಿದ್ದ ಸೇತುವೆ. ಈ ಸಲ ಗಿರಿಯ ಬಾಯಿ ಮುಚ್ಚಲೇ ಇಲ್ಲ. ಕಾಲೆತ್ತು, ಕಾಲಿಡು, ಉಸಿರು ಬಿಡು, ಎಲ್ಲಕ್ಕೂ ಒಂದೊಂದು ಅಪ್ಪಣೆ. ಹೊರುವವರಿಗೆ ತಲೆ ಕೆಟ್ಟಿತು. ಗದ್ದಲಕ್ಕೆ ಹಾವುಗಳೂ ಎಚ್ಚೆತ್ತು ಹೆಡೆಯೆತ್ತಿದವು.

"ಹಾವಿನ ತಲೆ ಎಲ್ಲೈತೆ ಅಂತ ಹೇಳು ಮಾರಾಯ, ಸಾಕು. ನಡೆಯೋದು ನಮಗೆ ಬರ್ತೈತೆ!" ಎಂದ ಹಾಲಪ್ಪ.

ಗಿರಿಯ ಅಷ್ಟನ್ನೇ ಮೆಲ್ಲಗೆ ಹೇಳಿದ. ದಾಟಿದರು. ಅಷ್ಟರಲ್ಲಿ ಚಂದಲೆ ಕುತ್ತಿಗೆಯವರೆಗೂ ಕಲ್ಲಾಗಿದ್ದಳು.

ಮೂರನೆಯದು ಮಂಜು. ಧೂಮಜಟನ ಜಟೆಯಿಂದಲೇ ಇಳಿದ ಮಂಜು. ಪಕ್ಕದಲ್ಲೇ ಪ್ರಪಾತ. ಮಂಜಿನೊಳಗಿಂದ ಗಿರಿಯನ ದನಿ ಬಂತು. "ಬನ್ನಿ, ದಾರಿ ಸಮ ಐತೆ! ನಂಗೆಲ್ಲಾ ಕಾಣ್ತೈತೆ, ನನ್ನ ಹಿಂದೇನೇ ಬನ್ನಿ!"

ಇನ್ನೊಂದು ಕಡೆಯಿಂದಲೂ ಅದೇ ದನಿ, ಆದರೆ ನಡುಗುತ್ತಿತ್ತು. "ನಂಗೇನೂ ಕಾಣ್ತಿಲ್ಲ. ಹಾಲಪ್ಪ ಮಾವ, ನಿನ್ನ ಕಾಲಿಗೆ ಏನು ತಾಗ್ತೈತೆ, ಹೇಳು."

ಹೊರುವವರು ನಿಂತುಬಿಟ್ಟರು. ಹಾಲಪ್ಪ ಮಾತ್ರ ನಕ್ಕ. "ಈ ನಡುಗೋನೇ ನಮ್ಮ ಹುಡುಗ. ನಂಗೆ ಹುಲ್ಲು ತಾಗ್ತೈತೆ ಕಣೋ."

"ನಂಗೆ ಜಾರೋ ಬಂಡೆ," ಎಂದ ಬಲಗಡೆಯವನು.

"ಹಂಗಾದ್ರೆ ಹುಲ್ಲಿನ ಕಡೆಗೇ ಸರೀರಿ," ಎಂದ ಗಿರಿಯ. ಒಬ್ಬೊಬ್ಬರನ್ನೂ ಕೇಳುತ್ತ, ಕೇಳಿದ್ದನ್ನು ಕೂಡಿಸುತ್ತ, ದಾರಿ ಕಟ್ಟಿದ. ಗಿರಿಯನ ದನಿ ಕದ್ದಿದ್ದ ಧೂಮಜಟ ಮಾತ್ರ "ಬನ್ನಿ, ಬನ್ನಿ" ಎಂದು ಕೂಗುತ್ತಲೇ ನಡೆದ. ಹಿಂದೆ ಯಾರಾದರೂ ಇದ್ದಾರೋ ಎಂದು ತಿರುಗಿ ನೋಡಲಿಲ್ಲ. ತನ್ನದೇ ಮಂಜಿನಲ್ಲಿ ಕಣ್ಣು ಕಾಣದೆ ಪ್ರಪಾತಕ್ಕೆ ಬಿದ್ದು ಸತ್ತ. ಮಂಜು ಕರಗಿತು, ಎದುರಿಗೇ ಬಿಳಿಬೆಟ್ಟದ ಕೊಳ.

ಹೊರುವವರು ಎತ್ತಿ ನೀರಿಗಿಳಿಸಿದ ಚಂದಲೆ ಕೊಳದಲ್ಲಿ ಮಿಂದು, ತನ್ನ ಕಾಲ ಮೇಲೆ ನಡೆದು ಬಂದಳು. ಅದನ್ನು ಕಂಡು ಗಿರಿಯ ಅತ್ತುಬಿಟ್ಟ. ಅವನು ಕಣ್ಣೊರೆಸಿಕೊಳ್ಳುವವರೆಗೂ ಎಲ್ಲರೂ ಕಾದರು.

ಆಮೇಲೆ ಹಾಲಪ್ಪ ಕೇಳಿದ: "ಹೊರಡಾನಾ, ಯಜಮಾನಾ?"

ಮುಗಿಲೂರಿನವರು ಅಂದಿನಿಂದ ಸುಖವಾಗಿದ್ದರು. ಕೇಳಿದ ನಿಮಗೂ ಸುಖವಾಗಲಿ.